ನಾಯಿ ಕಚ್ಚಿದ ದಿನ ನೋಡಿದ ಇಂಗ್ಲಿಷ್ ಸಿನಿಮಾ

ನಾನು ಚಿಕ್ಕವನಿದ್ದಾಗ, ಮನುಷ್ಯನಿಗೆ ಸಾವಿಗಿಂತ ದೊಡ್ಡ ಭಯ ಇನ್ನೊಂದಿಲ್ಲ ಎಂದು ತಿಳಿದವರು ಬಹಳ ಗಂಭೀರವಾಗಿ ಹೇಳುತ್ತಿದ್ದರು. ಭಾನುವಾರದ ಸಿನಿಮಾ ತಪ್ಪಿಹೋಗುವ ಭಯ ಎಂಥದೆಂದು ಅವರ್ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಭಯಕ್ಕೆ ಬಿದ್ದು ಒಂಬತ್ತನೇ ವಯಸ್ಸಿನಲ್ಲಿ ನಾನು ಮಾಡಿದ ಮೂರ್ಖತನವನ್ನು ಹೇಳುತ್ತೇನೆ. ಮಕ್ಕಳೇ, ನಗು ಬಂದರೆ ನಗಿ. ನನಗಂತೂ ಆ ದಿನ ನಗು ಬಂದಿರಲಿಲ್ಲ.

ನಮ್ಮ ಮನೆ ಭಾಲ್ಕಿಯಲ್ಲಿತ್ತು. ಅಪ್ಪ ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಅಕ್ಕ ಆ ವರ್ಷ ಮೆಟ್ರಿಕ್ ಪರೀಕ್ಷೆಗೆ ಕೂರುವವಳಿದ್ದಳು. ಇಂಗ್ಲಿಷ್ ಒಂದನ್ನು ಬಿಟ್ಟರೆ ಎಲ್ಲದರಲ್ಲೂ ಜಾಣೆ. ಬೀದರಿನ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಾರೆಂದು ಅಪ್ಪನ ಕಿವಿಗೆ ಬಿತ್ತು. ಎರಡು ಗಂಟೆ ಇಂಗ್ಲಿಷ್ ಕಿವಿಗೆ ಬಿದ್ದರೆ ಅದು ಹೇಗಾದರೂ ತಲೆಗೆ ಇಳಿದೇ ಇಳಿಯುತ್ತದೆ ಎಂಬ ಶಿಕ್ಷಣ ಸಿದ್ಧಾಂತವನ್ನು ಆತ ಅಂದೇ ಸ್ಥಾಪಿಸಿದ. ಅಕ್ಕನ ವಿದ್ಯೆಗಾಗಿ ಏರ್ಪಾಡಾದ ಈ ಪ್ರಯಾಣದಲ್ಲಿ ನನಗೂ ಒಂದು ಜಾಗ ಸಿಕ್ಕಿತು. ಅದಕ್ಕಾಗಿ ನಾನು ಮೂರು ದಿನ ಅತ್ತಿದ್ದೆ.

ಅಲ್ಲಿಯವರೆಗಿನ ನನ್ನ ಸಿನಿಮಾ ಪಾಂಡಿತ್ಯವೆಲ್ಲ ಔರಾದಿನ ಡೇರೆ ಟಾಕೀಸಿನಲ್ಲಿ ಸಂಪಾದಿಸಿದ್ದು. ಚಿಂತಾಕಿಯಲ್ಲಿ ಮಾವನ ಮನೆ ಇತ್ತು. ರಜೆಗೆ ಹೋದಾಗ ಎತ್ತಿನ ಬಂಡಿಯಲ್ಲಿ ಔರಾದಿಗೆ ಹೋಗಿ, ನೆಲದ ಮೇಲೆ ಚೀಲ ಹಾಸಿಕೊಂಡು, ಸುಟ್ಟ ಸೇಂಗಾ ಮತ್ತು ಬೀಡಿ ಹೊಗೆಯ ವಾಸನೆಯ ನಡುವೆ ನಮ್ಮ ದೇಶದ ಸಿನಿಮಾಗಳನ್ನು ನೋಡಿದ್ದೆ. ಅವುಗಳಲ್ಲಿ ಎಲ್ಲಕ್ಕೂ ಒಂದು ಶಿಸ್ತು ಇತ್ತು. ದೆವ್ವ ಕೂಡ ಹೇಳದೆ ಕೇಳದೆ ಬರುತ್ತಿರಲಿಲ್ಲ. ಮೊದಲು ಗೆಜ್ಜೆ ಸದ್ದು ಮಾಡಿ, ಒಂದು ಪೂರ್ತಿ ಹಾಡು ಹಾಡಿ, ಆಮೇಲೆ ಬರುತ್ತಿತ್ತು. ಹೀರೋಗೆ ಹಾವು ಕಚ್ಚಿದರೆ ತಾಯಿ ಗುಡಿಗೆ ಓಡಿ ಗಂಟೆ ಬಾರಿಸುತ್ತಿದ್ದಳು, ವಿಷ ತಾನಾಗಿ ಇಳಿಯುತ್ತಿತ್ತು. ಏನೇ ಆದರೂ ಹೀರೋ ಸಾಯುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ನಾವು ಡೇರೆಯ ಒಳಗೆ ಹೋಗುತ್ತಿದ್ದೆವು.

ಆ ಭಾನುವಾರ ಬೆಳಿಗ್ಗೆ ಹಾಲು ತರಲು ಚೆಂಬು ಹಿಡಿದು ಹೊರಟಿದ್ದೆ. ಗಲ್ಲಿಯ ತಿರುವಿನಲ್ಲಿ ಒಂದು ಕಂದು ನಾಯಿ ತಲೆ ತಗ್ಗಿಸಿಕೊಂಡು ಎದುರಿಗೆ ಬಂತು. ನಾನು ಅದಕ್ಕೆ ಕಲ್ಲು ಹೊಡೆಯಲಿಲ್ಲ, ಅದೂ ನನ್ನನ್ನು ನೋಡಿ ಬೊಗಳಲಿಲ್ಲ. ಪಕ್ಕಕ್ಕೆ ಬಂದಾಗ ಸುಮ್ಮನೆ ಬಾಯಿ ಹಾಕಿ ನನ್ನ ಮೀನಖಂಡ ಕಚ್ಚಿ, ಜೊಲ್ಲು ಸುರಿಸುತ್ತ ಹಾಗೆಯೇ ನೆಟ್ಟಗೆ ನಡೆದುಹೋಯಿತು. ಎರಡು ಹಲ್ಲು ಆಳವಾಗಿ ಇಳಿದಿದ್ದವು.

ನಮ್ಮ ಗಲ್ಲಿಯಲ್ಲಿ ನಾಯಿ ಕಚ್ಚಿದವರಿಗೆ ಒಂದು ಚಿಕಿತ್ಸೆ ಇತ್ತು. ಗಾಯಕ್ಕೆ ಖಾರದ ಪುಡಿ ಮೆತ್ತಿ, ಕಚ್ಚಿಸಿಕೊಂಡವನನ್ನು ಏಳು ಬಾವಿಗಳಿಗೆ ಕರೆದೊಯ್ದು ಒಂದೊಂದರಲ್ಲೂ ಇಣುಕಿಸುತ್ತಿದ್ದರು. ಏಳನೇ ಬಾವಿ ಮುಗಿಯುವಷ್ಟರಲ್ಲಿ ಬೀದರಿನ ಬಸ್ಸು ಖಂಡಿತ ಹೋಗಿರುತ್ತಿತ್ತು. ಆದ್ದರಿಂದ ನಾನು ರಕ್ತವನ್ನು ಹಳೆ ಬಟ್ಟೆಯಿಂದ ಒರೆಸಿ, ಚಡ್ಡಿಯ ಬದಲು ಪೈಜಾಮ ಹಾಕಿಕೊಂಡೆ.

“ಇಂಥ ಬಿಸಲಾಗ ಪೈಜಾಮ ಯಾಕೋ?” ಎಂದಳು ಅವ್ವ.

“ಬೀದರ್ ಅಂದ್ರ ದೊಡ್ಡೂರ ಅಲ್ಲೇನವ್ವಾ,” ಎಂದೆ.

ಬಸ್ಸಿನಲ್ಲಿ ಕಾಲು ಚುರುಗುಟ್ಟುತ್ತಿತ್ತು. ಬೀದರಿಗೆ ಹತ್ತಿರದ ನೌಬಾದ ದಾಟುವಾಗ ಅದನ್ನೂ ಮರೆತೆ.

ಟಾಕೀಸಿನಲ್ಲಿ ನೂರಾರು ಜನ ಇದ್ದರು. ಇಂಗ್ಲಿಷ್ ಬಲ್ಲವರು ಯಾರೂ ಇದ್ದಂತೆ ಕಾಣಲಿಲ್ಲ. ಅದಕ್ಕೆ ಅಲ್ಲೊಂದು ವ್ಯವಸ್ಥೆ ಇತ್ತು. ಗೇಟಿನಲ್ಲಿ ಟಿಕೆಟ್ ಹರಿಯುವ ಮುದುಕ ಆಟ ಶುರುವಾದ ಮೇಲೆ ಒಳಗೆ ಬಂದು, ಗೋಡೆಗೆ ಒರಗಿ ನಿಂತು, ಪರದೆಯ ಮೇಲೆ ಆಗುವುದನ್ನೆಲ್ಲ ನಮ್ಮ ಕಡೆಯ ದಖ್ಖನಿ ಉರ್ದುವಿನಲ್ಲಿ ಗಟ್ಟಿಯಾಗಿ ವಿವರಿಸುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವನು ಹಿಂದಿನ ವಾರವೂ ಅದೇ ಸಿನಿಮಾ ನೋಡಿದ್ದ. ಅಷ್ಟರ ಮಟ್ಟಿಗೆ ಅವನು ನಮಗಿಂತ ವಿದ್ವಾಂಸ.

ಪರದೆಯ ಮೇಲೆ ಮಂಜು, ಎಲೆಯಿಲ್ಲದ ಮರಗಳು, ಒಬ್ಬನೇ ಸವಾರ. ಗೆಜ್ಜೆ ಇಲ್ಲ, ಹಾಡಿಲ್ಲ. ಪೊದೆಯಿಂದ ಏನೋ ಒಂದು ಹಾರಿ ಅವನ ಕಾಲು ಕಚ್ಚಿತು.

“ದೇಖೋ ಭಾಯ್, ಕುತ್ತಾ ಕಾಟ್ಯಾ!” ಎಂದ ಮುದುಕ. ನಾಯಿ ಕಚ್ಚಿತು ನೋಡಿರಪ್ಪಾ ಎಂದು.

ಅದು ತೋಳವಾಗಿತ್ತೆಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಆ ಪುಣ್ಯಾತ್ಮ ಜನ್ಮದಲ್ಲಿ ತೋಳ ಕಂಡವನಲ್ಲ, ತನಗೆ ಗೊತ್ತಿದ್ದ ಪ್ರಾಣಿಯ ಹೆಸರು ಹೇಳಿದ. ನನ್ನ ಕೈ ತಾನಾಗಿ ಮೀನಖಂಡಕ್ಕೆ ಹೋಯಿತು. ಪೈಜಾಮ ಗಾಯಕ್ಕೆ ಅಂಟಿಕೊಂಡಿತ್ತು.

“ಅಬ್ ಪೂನಮ್ ಕಾ ಚಾಂದ್ ನಿಕಲ್ಯಾ ತೋ ಯೇ ಆದ್ಮೀಚ್ ಕುತ್ತಾ ಬನ್ ಜಾತಾ!” ಹುಣ್ಣಿಮೆಯ ಚಂದ್ರ ಮೂಡಿದರೆ ಈ ಮನುಷ್ಯನೇ ನಾಯಿಯಾಗುತ್ತಾನೆ ಎಂದು ಮುದುಕ ಘೋಷಿಸಿದ. ಘೋಷಿಸಿದಂತೆಯೇ ಆಯಿತು. ಚಂದ್ರ ಮೂಡಿದ. ಆ ಮನುಷ್ಯನ ಅಂಗೈಯಲ್ಲಿ ಕೂದಲು ಬೆಳೆಯಿತು, ಉಗುರು ಉದ್ದವಾದವು, ಬಾಯಿ ಮುಂದಕ್ಕೆ ಚಾಚಿತು. ಅವನು ಬಾಯಿ ತೆರೆದು ಅತ್ತಾಗ ಮನುಷ್ಯನ ದನಿ ಬರಲಿಲ್ಲ.

ನಾನು ಅವನ ತಾಯಿಗಾಗಿ ಕಾದೆ. ಎಲ್ಲಿಂದಲಾದರೂ ಓಡಿಬಂದು ಗಂಟೆ ಬಾರಿಸಿಯಾಳು ಎಂದುಕೊಂಡೆ. ಆ ಸಿನಿಮಾದಲ್ಲಿ ಯಾರಿಗೂ ತಾಯಿಯೇ ಇರಲಿಲ್ಲ! ಡಾಕ್ಟರನೊಬ್ಬ ಇದ್ದ, ಅವನೂ ಬಾಗಿಲು ಹಾಕಿಕೊಂಡ. ಕೊನೆಗೆ ಹೀರೋನ ಜೀವದ ಗೆಳೆಯನೇ ಬಂದೂಕು ಎತ್ತಿ ಅವನಿಗೆ ಗುಂಡು ಹೊಡೆದ. “ಖತಮ್,” ಎಂದ ಮುದುಕ. ದೀಪ ಹತ್ತಿತು. ಜನ ಎದ್ದು ಚಹಾ ಕುಡಿಯಲು ಹೋದರು. ಹೀರೋ ಸತ್ತೇಹೋಗಿದ್ದ, ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಹೋಟೆಲಿನಲ್ಲಿ ಅಪ್ಪ ಅಕ್ಕನ ಪರೀಕ್ಷೆ ಶುರುಮಾಡಿದ. “ಏನ್ ಕಲ್ತಿ ಹೇಳು?”

“‘ನೋ’ ಅಂತ ಭಾಳ ಸಲ ಅಂದ್ರಪ್ಪಾ.”

“ಅದು ನಿನಗ ಮೊದ್ಲೇ ಬರ್ತಿತ್ತಲ್ಲ?”

“ಈಗ ಪಕ್ಕಾ ಆಯ್ತು.”

ಅವರಿಬ್ಬರೂ ನಕ್ಕರು. ನನ್ನ ಮುಂದೆ ಬಿಸಿ ಭಜಿ ಇತ್ತು, ತಿನ್ನಲಾಗಲಿಲ್ಲ. ಎದುರಿನ ಗೋಡೆಯ ಕನ್ನಡಿಯಲ್ಲಿ ನನ್ನ ಮುಖವಿತ್ತು. ಅದನ್ನು ನೋಡಲೂ ಆಗಲಿಲ್ಲ. ಮೇಜಿನ ಕೆಳಗೆ ಅಂಗೈಯನ್ನು ಮತ್ತೆ ಮತ್ತೆ ತಡವಿ ನೋಡಿಕೊಂಡೆ. ಕಚ್ಚಿದ್ದು ಭಾಲ್ಕಿಯ ನಾಯಿ, ಆದ್ದರಿಂದ ನನಗೆ ನಮ್ಮ ಸಿನಿಮಾದ ಕಾನೂನೇ ಅನ್ವಯಿಸಬೇಕು ಎಂದು ನನಗೆ ನಾನೇ ವಾದಿಸಿದೆ. ಆದರೆ ತೀರ್ಪು ಕೊಡುವವರು ಯಾರೂ ಅಲ್ಲಿರಲಿಲ್ಲ.

ಅಪ್ಪನ ಕೆಲಸಗಳೆಲ್ಲ ಮುಗಿದು ಭಾಲ್ಕಿಯ ಬಸ್ಸು ಸಿಕ್ಕಾಗ ಐದು ಗಂಟೆಯ ಸುಮಾರು. ಇನ್ನೂ ಬಿಸಿಲಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದೆ. ಬೀದರಿನ ಮೇಲೆ, ಹಗಲಿನ ಆಕಾಶದಲ್ಲೇ, ಸುಣ್ಣದಂತೆ ಬಿಳಿಚಿದ ಚಂದ್ರ ನಿಂತಿದ್ದ. ಪೂರ್ತಿ ದುಂಡಗಾಗಲು ಇನ್ನೆರಡು ದಿನ ಬಾಕಿ. ಬಸ್ಸು ಎಷ್ಟು ಓಡಿದರೂ ಅವನು ಬೆನ್ನು ಬಿಡಲಿಲ್ಲ.

“ಅಕ್ಕಾ, ನಾ ನಾಯಿ ಆದ್ರ ಏನ್ ಮಾಡ್ತಿ?”

“ಈಗೇನ್ ಕಮ್ಮಿ ಇದ್ದಿ? ಹಗ್ಗ ಹಾಕಿ ಕಟ್ತೇನಿ. ದಿನಾ ಎರಡು ರೊಟ್ಟಿ ಹಾಕ್ತೇನಿ.”

“ಬಂದೂಕಲೆ ಹೊಡಿಯಲ್ಲ ಹೌದಲ್ಲ?” ಎಂದೆ. ಅಷ್ಟು ಹೇಳುವಾಗಲೇ ಕಣ್ಣೀರು ಇಳಿಯಿತು.

“ಯಾಕೋ ತಮ್ಮಾ? ಯಾಕ ಅಳ್ಲತ್ತಿ?”

ನಾನು ಪೈಜಾಮ ಮೇಲೆತ್ತಿ ತೋರಿಸಿದೆ. ಗಾಯದ ಸುತ್ತ ಕೆಂಪಗೆ ಬಾತಿತ್ತು. ಅಕ್ಕನ ನಗು ಅಲ್ಲೇ ನಿಂತಿತು. “ಅಪ್ಪಾ,” ಎಂದಳು. ಆ ದನಿಯಲ್ಲಿ ಅವಳು ಕರೆದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಪ್ಪ ಬಗ್ಗಿ ನೋಡಿದ. “ಯಾವಾಗ?”

“ಮುಂಜಾನಿ.”

“ಬೊಗಳ್ತೇನು?”

“ಇಲ್ಲ.”

“ಜೊಲ್ಲು ಸುರೀತಿತ್ತೇನು?”

“ಹ್ಞೂಂ.”

ಅಪ್ಪನ ಮುಖ ಬಿಳಿಚಿಕೊಂಡಿತು. ಪರದೆಯ ಮೇಲೆ ಹೆದರಿದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಅಪ್ಪ ಹೆದರಿದ್ದನ್ನು ನೋಡಿದ್ದು ಅದೇ ಮೊದಲು. ನಾಯಿಯಾಗುವುದಕ್ಕಿಂತ ಕೆಟ್ಟದ್ದೇನೋ ಇದೆ, ಅದು ಅಪ್ಪನಿಗೆ ಗೊತ್ತಿದೆ ಎಂದು ಆಗ ಹೊಳೆಯಿತು.

“ನಿಲ್ಲಸ್ರಿ!” ಎಂದು ಅಪ್ಪ ಎದ್ದು ನಿಂತ.

“ಯಾಕ್ರೀ ಮಾಸ್ತರ, ಹುಡುಗಗ ವಾಂತಿ ಬಂತೇನ್ರಿ?” ಎಂದ ಕಂಡಕ್ಟರ್.

“ಹುಚ್ಚು ನಾಯಿ ಕಚ್ಚ್ಯಾದರಿ. ತಿರುಗಿ ಬೀದರ್ ದವಾಖಾನಿಗಿ ಹೋಗಬೇಕರಿ.”

ಬಸ್ಸು ನಿಂತಿತು. ನನ್ನ ಮುಂದಿನ ಸೀಟಿನವರು ನಯವಾಗಿ ಎದ್ದು ಹಿಂದೆ ಹೋಗಿ ಕುಳಿತರು.

ಇಳಿದಲ್ಲಿ ಒಂದು ಹಳ್ಳಿಯ ಬಾವಿ ಇತ್ತು. ಅಪ್ಪ ಅಂಗಡಿಯಿಂದ ಬಟ್ಟೆ ಒಗೆಯುವ ಸಾಬೂನು ತಂದು, ಅಕ್ಕ ನೀರು ಹೊಯ್ಯುತ್ತಿದ್ದಂತೆ ಗಾಯವನ್ನು ಉಜ್ಜಿ ಉಜ್ಜಿ ತೊಳೆದ. ನೋಡುತ್ತ ನಿಂತಿದ್ದ ಹಿರಿಯರೊಬ್ಬರು, “ಹ್ಯಾಂಗೂ ಬಾವಿಗಿ ಬಂದೀರಿ, ಇಣಕಸ್ರಿ. ಒಂದ್ ಆಯ್ತು, ಇನ್ನ ಆರೇ ಉಳೀತಾವ,” ಎಂದರು. ಅಪ್ಪ ರಸ್ತೆಗೆ ಓಡಿದ. ಎದುರಿನಿಂದ ಬಂದ ಲಾರಿಗೆ ಅಡ್ಡ ನಿಂತು ಕೈ ಮುಗಿದ. ಯಾರ ಮುಂದೆಯೂ ಬಗ್ಗದ ಅಪ್ಪ ಲಾರಿಯ ಮುಂದೆ ಕೈ ಮುಗಿದು ನಿಂತದ್ದು ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ದವಾಖಾನೆಯಲ್ಲಿ ಫಿನಾಯಿಲ್ ವಾಸನೆ. ಬೆರಳುದ್ದದ ಸೂಜಿ ಬಿಸಿನೀರಿನಲ್ಲಿ ಕುದಿಯುತ್ತಿತ್ತು. ಡಾಕ್ಟರು ಬಾಗಿಲು ಹಾಕಿಕೊಳ್ಳುತ್ತಾರೇನೋ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಬಾಗಿಲು ಹಾಕಲಿಲ್ಲ. ನನ್ನ ಅಂಗಿ ಮೇಲೆತ್ತಿದರು.

“ಸಾಹೇಬ್ರ, ಹುಣ್ಣಿಮಿಗಿ ನಾ ನಾಯಿ ಆಗ್ತೇನೇನ್ರಿ?” ಎಂದು ಕೇಳಿದೆ.

ಅವರು ನಗಲಿಲ್ಲ. “ನಾಯಿ ಆಗಲ್ಲಪ್ಪಾ. ಆದ್ರ ಹದಿನಾಕು ಸೂಜಿ ತೊಗೋಬೇಕು. ಒಂದೂ ತಪ್ಪಸಂಗಿಲ್ಲ.”

ಹದಿನಾಲ್ಕೂ ಹೊಕ್ಕುಳ ಸುತ್ತಲೇ. ಉಳಿದ ಹದಿಮೂರಕ್ಕೆ ಅಪ್ಪ ರಜೆ ಹಾಕಿ ದಿನಾಲೂ ಬಸ್ಸಿನಲ್ಲಿ ಕರೆದೊಯ್ದ. ಒಂದು ಸಲವೂ ಬೈಯಲಿಲ್ಲ. ಐದನೆಯ ದಿನ ಕಿಟಕಿಯ ಹೊರಗೆ ನೋಡುತ್ತ, “ಹೇಳಿದ್ದರ ಮುಂದಿನ ವಾರ ತೋರಸ್ತಿದ್ದೆ,” ಎಂದ, ಅಷ್ಟೇ. ಆ ಮಾತು ಹದಿನೈದನೆಯ ಸೂಜಿ.

ಈಗ ನೀವು ಎಲ್ಲ ದೇಶದ ಸಿನಿಮಾಗಳನ್ನೂ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ನೋಡುತ್ತೀರಿ. ಹೆದರಿಕೆಯಾದರೆ ಬೆರಳಿನಿಂದ ಸರಿಸಿ ಮುಂದಕ್ಕೆ ಓಡಿಸುತ್ತೀರಿ; ಕೆಳಗೆ ಅಕ್ಷರಗಳು ಬರುತ್ತವೆ, ತೋಳವನ್ನು ತೋಳವೆಂದೇ ಹೇಳುತ್ತವೆ. ನಾಯಿ ಕಚ್ಚಿದರೆ ನಾಲ್ಕೈದು ಸೂಜಿ, ಅದೂ ತೋಳಿಗೆ. ನಮ್ಮ ಸಿನಿಮಾ ಚಂದವೋ ಹೊರದೇಶದ್ದೋ ಎಂದು ನೀವು ನನ್ನನ್ನು ಕೇಳುತ್ತಿರುತ್ತೀರಿ. ನಮ್ಮವನ್ನು ನಾನು ಹೆಚ್ಚು ಪ್ರೀತಿಸುತ್ತೇನೆ. ಆದರೆ ಆ ಭಾನುವಾರ ನಮ್ಮದೇ ಒಂದನ್ನು ನೋಡಿದ್ದರೆ, ಹೀರೋ ಸಾಯುವುದಿಲ್ಲವೆಂಬ ಧೈರ್ಯದಲ್ಲಿ ಗಾಯ ಮುಚ್ಚಿಕೊಂಡು ಮನೆಗೆ ಹೋಗಿ ಮಲಗಿರುತ್ತಿದ್ದೆ. ನಿಮಗೆ ಏನೇ ಕಚ್ಚಲಿ, ಮೊದಲು ಸಾಬೂನು ಹಚ್ಚಿ ನೀರಿನಲ್ಲಿ ತೊಳೆಯಿರಿ, ಆ ಕ್ಷಣವೇ ಮನೆಯಲ್ಲಿ ಹೇಳಿ.

ಅದೇ ದಿನ ಅದೇ ನಾಯಿ ಪಕ್ಕದ ಮನೆಯ ಎಮ್ಮೆ ಕರುವನ್ನೂ ಕಚ್ಚಿತ್ತು. ಅದಕ್ಕೆ ಸೂಜಿ ಹಾಕಿಸಬೇಕೆಂದು ಯಾರಿಗೂ ತೋಚಲಿಲ್ಲ. ಒಂದೂವರೆ ತಿಂಗಳಿಗೆ ಕರು ಸತ್ತಿತು.