ಕೆಂಪು ಇಂಕಿನಲ್ಲಿ ತಿದ್ದಿದ ವಾಕ್ಯ

ಪವಿತ್ರಾ, ನಿನ್ನನ್ನು ಆ ಮನೆಯಿಂದ ಬಿಡಿಸಿದ್ದು ನಾನಲ್ಲ. ಹತ್ತು ವರ್ಷದಿಂದ ನೀನು ನಾನೇ ಎಂದು ನಂಬಿದ್ದೀಯ. ನಂಬಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನನಗೆ ಸನ್ಮಾನ ಮಾಡುತ್ತೀರಂತೆ, ನನ್ನ ಬಗ್ಗೆ ನೀನೇ ಮಾತಾಡುತ್ತೀಯಂತೆ. ಅಷ್ಟರೊಳಗೆ ನೀನು ಇದನ್ನು ಓದಬೇಕು. ಓದಿದ ಮೇಲೆ ಏನು ಮಾತಾಡುತ್ತೀಯೋ — ಅದು ನಿನಗೆ ಬಿಟ್ಟದ್ದು.

ಒಂಬತ್ತನೇ ತರಗತಿಯ ಆ ಪಾಠ ನೆನಪಿದೆಯೇ? ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿ ಶಾಲೆಯಲ್ಲಿ ಇಂಗ್ಲಿಷಿಗೆ ನಾನೊಬ್ಬಳೇ, ಆ ಜಂಬ ನನಗೆ ತುಸು ಹೆಚ್ಚೇ ಇತ್ತು. ನಾವು ‘ಹಿಂಸೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆ ನೋಡಿ ಎಂದು ಬೋರ್ಡು ತುಂಬಿಸಿದ್ದೆ. ಕೆಟ್ಟದಾಗಿ ಬೈದರೂ ಅಬ್ಯೂಸ್, ಹೊಡೆದು ಬಡಿದರೂ ಅಬ್ಯೂಸ್. ಬೆನ್ನುಬಿಡದೆ ಕಾಡಿದರೆ ಹರಾಸ್. ಊಟ ಬಟ್ಟೆ ವಿಚಾರಿಸದೆ ಕೈಬಿಟ್ಟರೆ ನೆಗ್ಲೆಕ್ಟ್. ಕ್ರೂರವಾಗಿ ನಡೆಸಿಕೊಂಡರೆ ಇಲ್‌ಟ್ರೀಟ್. ವಸ್ತುವನ್ನೋ ಅಧಿಕಾರವನ್ನೋ ತಪ್ಪಾಗಿ ಬಳಸಿದರೆ ಮಿಸ್‌ಯೂಸ್. ಒಂದೊಂದಕ್ಕೂ ಒಂದು ಸ್ವಂತ ವಾಕ್ಯ ಬರೆದು ತನ್ನಿ ಎಂದೆ. ಎಲ್ಲರೂ ತಂದರು — ಕುಡುಕ ಗಂಡ, ಗಾಡಿ ಎತ್ತು, ಪೋಲಾಗುವ ನಲ್ಲಿ ನೀರು.

ನಿನ್ನ ಕೊನೆಯ ವಾಕ್ಯದ ಅರ್ಥ ಇಷ್ಟು: ನಮ್ಮ ದೊಡ್ಡಮ್ಮ ನನ್ನನ್ನು ಮಿಸ್‌ಯೂಸ್ ಮಾಡುತ್ತಾರೆ, ಕೆಲಸ ನಿಧಾನವಾದರೆ ನನ್ನ ಕೈಯನ್ನು ರೇಷ್ಮೆಗೂಡು ಬೇಯುವ ನೀರಿನಲ್ಲಿ ಅದ್ದಿ ಹಿಡಿಯುತ್ತಾರೆ.

ನಾನು ಏನು ಮಾಡಿದೆ ಗೊತ್ತಲ್ಲ. ಮಿಸ್‌ಯೂಸ್ ಎಂಬ ಪದವನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿ ಮೇಲೆ ಇಲ್‌ಟ್ರೀಟ್ ಎಂದು ಬರೆದೆ. ಹತ್ತಕ್ಕೆ ಒಂಬತ್ತು ಕೊಟ್ಟೆ. ಪುಸ್ತಕ ಹಿಂದಿರುಗಿಸುವಾಗ ತರಗತಿಯ ಎದುರಿಗೇ ಹೇಳಿದೆ: “ಕಲ್ಪನೆ ಚೆನ್ನಾಗಿದೆ ಕಣಮ್ಮ. ಆದ್ರೆ ಮಿಸ್‌ಯೂಸ್ ಅನ್ನೋದು ವಸ್ತುಗಳಿಗೆ, ಮನುಷ್ಯರಿಗಲ್ಲ.”

ನನಗೆ ಅರ್ಥವಾಗಲಿಲ್ಲ ಎಂದು ಈಗ ಹೇಳಿಬಿಡಬಹುದು. ಸುಳ್ಳಾಗುತ್ತದೆ. ಆ ವಾಕ್ಯದ ಮೇಲೆ ನನ್ನ ಪೆನ್ನು ಒಂದು ಗಳಿಗೆ ನಿಂತಿತ್ತು. ಅಪ್ಪ ಅಮ್ಮ ಇಲ್ಲದ ಹುಡುಗಿ, ನೂಲು ತೆಗೆಯುವ ಮನೆ, ಯಾವಾಗಲೂ ದುಪಟ್ಟಾದೊಳಗೆ ಮುಚ್ಚಿಟ್ಟ ಕೈ — ಎಲ್ಲ ಗೊತ್ತಿತ್ತು. ನಿನ್ನ ದೊಡ್ಡಪ್ಪ ಊರಿನಲ್ಲಿ ದೊಡ್ಡ ಮನುಷ್ಯರು ಎಂಬುದೂ ಗೊತ್ತಿತ್ತು. ಊರ ಉಸಾಬರಿ ನನಗೇಕೆ ಎಂದುಕೊಂಡೆ. ಹಾಳೆ ತಿರುಗಿಸಿ ಮುಂದಿನ ಪುಸ್ತಕ ತೆಗೆದುಕೊಂಡೆ.

ಆ ಮಧ್ಯಾಹ್ನ ನೀನು ಬಿಸಿಯೂಟಕ್ಕೆ ಚಮಚ ಕೇಳಿದೆಯಂತೆ. ಬಡಿಸುತ್ತಿದ್ದವರು ನಾರಾಯಣಮ್ಮ — ನಮ್ಮ ಶಾಲೆಯ ಅಡುಗೆಯವರು, ಅನ್ನ ಸಾರಿಗೆ ಯಾವ ಮಗುವೂ ಚಮಚ ಕೇಳಿದ್ದನ್ನು ಕಂಡವರಲ್ಲ. ಕೈ ತೋರಿಸು ಎಂದರು. ನೀನು ತೋರಿಸಿದೆ, ಮೇಡಂಗೆ ಆಗಲೇ ಬರೆದು ಕೊಟ್ಟಿದ್ದೀನಿ ಎಂದೂ ಹೇಳಿದೆ. ಅವರಿಗೆ ಇಂಗ್ಲಿಷ್ ಇರಲಿ, ಕನ್ನಡ ಓದುವುದೂ ಕಷ್ಟ. ಮೇಡಂ ಕೇಳುತ್ತಿದ್ದಾರೆ ಎಂದು ನಿನ್ನಿಂದ ಪುಸ್ತಕ ಇಸಿದುಕೊಂಡು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದರು, ಮಕ್ಕಳ ವಿಚಾರ ನೋಡುವ ಕಚೇರಿ ಯಾವುದೆಂದು ಕೇಳಿಕೊಂಡು ಹೋದರು. ಎರಡು ದಿನಕ್ಕೆ ಅಧಿಕಾರಿಗಳು ನಿನ್ನ ದೊಡ್ಡಮ್ಮನ ಮನೆಗೆ ಬಂದರು.

ಅದೇ ದಿನ ನಾರಾಯಣಮ್ಮ ನನ್ನನ್ನು ಅಡುಗೆ ಕೋಣೆಗೆ ಕರೆದರು.

“ಕೋಪ ಮಾಡ್ಕೋಬೇಡಿ ಮೇಡಮ್ಮೋರೇ, ನಿಮ್ ಹೆಸ್ರು ಹೇಳ್ಬಿಟ್ಟೆ. ಅನ್ನ ಬೇಯ್ಸೋಳ ಮಾತು ಯಾರು ಕೇಳ್ತಾರೆ? ಮೇಡಮ್ಮೇ ನೋಡಿ ಕಳ್ಸವ್ರೆ, ಬೇಕಾದ್ರೆ ಅವ್ರ ಕೆಂಪು ಇಂಕು ನೋಡ್ಕೊಳ್ಳಿ ಅಂದೆ. ನನ್ ಹೆಸ್ರು ಎಲ್ಲೂ ಎತ್ಬೇಡಿ. ನಾನು ಅದೇ ಬೀದೀಲಿ ಬಾಳ್ಬೇಕು.”

ಹೀಗೆ ನನ್ನ ತಪ್ಪಿನ ಗುರುತೇ ನನ್ನ ಹೆಚ್ಚುಗಾರಿಕೆಗೆ ಸಾಕ್ಷಿಯಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ಟರು ಹೊಗಳಿದರು. ನೀನು ಹಾಸ್ಟೆಲಿಗೆ ಹೊರಡುವ ದಿನ ನನ್ನ ಕಾಲು ಮುಟ್ಟಿದೆ — ಬ್ಯಾಂಡೇಜಿನ ಕೈಯಿಂದ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ನಾನು ಆ ಹೆಸರಿನೊಳಗೆ ಸೇರಿಕೊಂಡೆ. ಮೊದಮೊದಲು ನಾರಾಯಣಮ್ಮನವರ ಸಲುವಾಗಿ ಸುಮ್ಮನಿದ್ದೆ, ಅದು ನಿಜ. ಆದರೆ ಅವರು ಕೆಲಸ ಬಿಟ್ಟು ಕೈವಾರದ ಹತ್ತಿರದ ಮಗಳ ಮನೆಗೆ ಹೋಗಿ ಆರು ವರ್ಷವಾಯಿತು. ಆಮೇಲೂ ಬಾಯಿ ಬಿಡಲಿಲ್ಲವಲ್ಲ... ಶಿಕ್ಷಕರ ದಿನಕ್ಕೆ ತಪ್ಪದೆ ಬರುವ ನಿನ್ನ ಮೆಸೇಜು ನನಗೆ ರುಚಿ ಹತ್ತಿತ್ತು.

ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ ಮನಸ್ಸು ಆ ತಾಯಿಗೆ ಕೈ ಮುಗಿಯುತ್ತಿದೆ. ನಾನು ಹಾಳೆ ತಿರುಗಿಸಿದ ಮೇಲೆ ನಿನಗೆ ಇನ್ನೇನಾದರೂ ಆಗಿದ್ದರೆ — ಅವರು ನಿನ್ನನ್ನು ಮಾತ್ರವಲ್ಲ, ನನ್ನನ್ನೂ ಉಳಿಸಿದರು. ನಿನಗೂ ನಾನು ಋಣಿ ಕಣಮ್ಮ. ಒಳ್ಳೆಯವಳು, ಒಳ್ಳೆಯವಳು ಎಂದು ನೀನು ಅನ್ನುತ್ತಿದ್ದುದರಿಂದ ಆಮೇಲೆ ಯಾವ ಮಗುವಿನ ಪುಸ್ತಕವನ್ನೂ ನಾನು ಹಾಗೆ ಮುಚ್ಚಲಿಲ್ಲ. ಇದು ಸಮಜಾಯಿಷಿಯಲ್ಲ. ನಿನ್ನ ವಾಕ್ಯಕ್ಕೆ ನಾನು ಉತ್ತರ ಕೊಡಲಿಲ್ಲ ಎನ್ನುವುದು ಹಾಗೇ ಉಳಿಯುತ್ತದೆ. ನಾನು ತಿದ್ದಿದ್ದೂ ತಪ್ಪೇ — ಆ ಮನೆಯಲ್ಲಿ ನಿನ್ನನ್ನು ಒಂದು ವಸ್ತುವಿನ ಹಾಗೆಯೇ ಬಳಸುತ್ತಿದ್ದರು, ನೀನು ಆರಿಸಿದ ಪದ ಸರಿಯಾಗಿತ್ತು.

ಹೋದ ವಾರ ನಾರಾಯಣಮ್ಮನವರನ್ನು ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪವಿತ್ರಾಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. “ಹೇಳ್ಕೊಳ್ಳಿ ಬಿಡಿ,” ಎಂದು ನಕ್ಕರು. ನೀನೀಗ ಚಿಂತಾಮಣಿಯಲ್ಲಿ ನರ್ಸ್ ಎಂದಾಗ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟರು.

“ಆ ಮಗು ಕೈ ಈಗ ಹೆಂಗದೆ ಮೇಡಮ್ಮೋರೇ? ಚಳಿಗಾಲ್ದಾಗೆ ಚರ್ಮ ಇನ್ನೂ ಬಿರೀತದಾ?”

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ನಿನ್ನ ನಮಸ್ಕಾರ ತೆಗೆದುಕೊಂಡಿದ್ದೇನೆ, ಒಂದು ಸಲವೂ ಕೇಳಿರಲಿಲ್ಲ.

ಭಾನುವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಸನ್ಮಾನದ ಕುರ್ಚಿ ಅವರದು. ಅವರು ಬಂದ ಕೂಡಲೇ ನಿನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಾರೆ, ನನಗೆ ಗೊತ್ತು. ಅದಕ್ಕೆ ಮುಂಚೆ, ಆ ಪುಸ್ತಕ ತಿದ್ದಿದ ದಿನವೇ ಕೇಳಬೇಕಾಗಿದ್ದನ್ನು ಈಗ ಕೇಳುತ್ತಿದ್ದೇನೆ: ನಿನ್ನ ಕೈ ಹೇಗಿದೆಯಮ್ಮ?