ಮೋಟಾರು ತಡೆದ ಕೇರಂ ಬೋರ್ಡು

ಕೇರಂ ಕಾಯಿಗಳು ಒಂದಕ್ಕೊಂದು ಬಡಿಯುವ ಸದ್ದು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಮೊಮ್ಮಕ್ಕಳು ಬೋರ್ಡು ಹಾಸಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಜ್ಜಿಗೆ ಆಟವೆಂದರೆ ಆಗುವುದಿಲ್ಲ ಎಂದು ಅವು ನಗುತ್ತವೆ. ನಗಲಿ. ನನ್ನ ಸಿಟ್ಟು ನಮ್ಮೂರಿಗೆ ಮೊದಲು ಆ ಬೋರ್ಡು ತಂದವನ ಮೇಲಿನದು.

ತಂದವನು ನನ್ನ ಕಾಕಾ, ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಐವತ್ತರ ದಶಕದ ಮಾತು. ಕುಲಗೋಡದಲ್ಲಿ ಮೋಟಾರು, ಅಂದರೆ ಬಸ್ಸು, ನಿಲ್ಲುವ ಜಾಗದಲ್ಲೇ ಅವನ ಚಾದಂಗಡಿ. ಬೆಳಗಿನ ಗೋಕಾಕದ ಗಾಡಿ ಬಂದಷ್ಟೇ ಅವಸರದಲ್ಲಿ ಹೋಗಿಬಿಡುತ್ತಿತ್ತು. ಇಳಿದವರು ಕಪ್ಪಿನಿಂದ ಬಶಿಗೆ ಚಾ ಸುರುವಿಕೊಳ್ಳುವುದರೊಳಗೆ ಹಾರ್ನು. ಕಾಕಾನ ಬಜಿಗಳು ಪರಾತದಲ್ಲೇ ತಣ್ಣಗಾಗುತ್ತಿದ್ದವು. ಅವನು ತಲೆ ಓಡಿಸಿದ. ಬೆಳಗಾವಿಯಿಂದ ಕೇರಂ ಬೋರ್ಡು ತರಿಸಿ, ಅಂಗಡಿಯ ಮುಂದೆ ಒಂದು ಪೀಪಾಯಿಯ ಮೇಲೆ ಇಟ್ಟ. ಡ್ರೈವರನಿಗೆ ಚಾ ಪುಕ್ಕಟೆ, ಆಟವೂ ಪುಕ್ಕಟೆ. ಆಟ ಮುಗಿಯುವ ತನಕ ಗಾಡಿ ಅಲ್ಲಾಡುತ್ತಿರಲಿಲ್ಲ. ಕೂತು ಕೂತು ಬೇಸತ್ತ ಮಂದಿ ಇಳಿದು ಬಂದು ತಿನ್ನುತ್ತಿದ್ದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಕಾಕಾ ಮಂದಿಯ ಹೊತ್ತಿನಲ್ಲಿ ಜಾತ್ರೆ ಮಾಡಿದ. ಊರೆಲ್ಲ ಅವನ ಜಾಣತನವನ್ನು ಹೊಗಳಿತು. ಸ್ಟ್ರೈಕರ್ ಇದ್ದದ್ದು ಒಂದೇ. ಆಟವಿಲ್ಲದಾಗ ಅವನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಂಡು ತಿರುಗುತ್ತಿದ್ದ.

ನಾನು ಆಗ ಏಳನೆಯ ಇಯತ್ತೆ. ವರ್ಷದ ಕೊನೆಗೆ ಗೋಕಾಕದಲ್ಲಿ ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಕನ್ನಡ ಸಾಲೆಯಲ್ಲಿ ಅಕ್ಕೋರು ಆಗಬಹುದಿತ್ತು. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ. "ಒಮ್ಮಿ ಪರೀಕ್ಷಾಕ್ಕ ಕೂಡು. ಪಾಸಾದ್ರ ಮುಂದ ಕಲಿಯಾಕ ಕಳಸ್ತೇನಿ. ಇಲ್ಲಂದ್ರ ಒಲಿ ಮುಂದ ಕುಂಡ್ರು. ಮತ್ತೊಮ್ಮಿ ಕೇಳಬ್ಯಾಡ."

ಪರೀಕ್ಷೆಯ ದಿನ ಅಪ್ಪನೇ ನನ್ನ ಜೊತೆ ಹೊರಟ. ನನ್ನ ಕೈಯಲ್ಲಿ ಶಾಯಿಯ ದೌತಿ, ಚೆಲ್ಲದಿರಲೆಂದು ಬಾಯಿಗೆ ಬಟ್ಟೆ ತುರುಕಿದ್ದು. ಗಾಡಿ ಬಂತು. ಹತ್ತಿ ಕೂತೆ. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಕಾಕಾ ಬೋರ್ಡಿನ ಮೇಲೆ ಪುಡಿ ಚೆಲ್ಲಿದ. ಒಂದು ಆಟ ಮುಗಿಯಿತು, ಇನ್ನೊಂದು ಶುರುವಾಯಿತು. ತಡೆಯಲಾರದೆ ಇಳಿದು ಹೋದೆ.

"ಕಾಕಾ, ಇವತ್ತ ನನ್ನ ಪರೀಕ್ಷಾ ಐತಿ. ಗಾಡಿ ಬಿಡಸು."

ಅವನು ತಲೆ ಎತ್ತಲಿಲ್ಲ. "ತಡಿಯಬೇ, ರಾಣಿ ಕೈಯಾಗ ಬಂದೈತಿ. ಗೋಕಾಕ ಎಲ್ಲಿ ಓಡಿ ಹೊಕ್ಕೈತಿ?"

ಸುತ್ತ ನಿಂತವರು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಪ್ಪನ ಕಡೆ ತಿರುಗಿದೆ. ಅವನೂ ಕೈ ಹಿಂದೆ ಕಟ್ಟಿಕೊಂಡು ಆಟ ನೋಡುತ್ತಿದ್ದ! ತೋಳು ಹಿಡಿದು ಜಗ್ಗಿದೆ. "ಇದೊಂದ್ ಆಟ ಮುಗೀಲಿ ತಡಿ," ಅಂದ. ಕಣ್ಣು ಮಾತ್ರ ಬೋರ್ಡಿನ ಮೇಲೇ ಇತ್ತು. ಕಾಕಾನನ್ನು ನಾನು ಎಂದಾದರೂ ಕ್ಷಮಿಸಿಯೇನು. ಆ ನೋಟವನ್ನು ಇಲ್ಲ.

ಗೋಕಾಕ ಮುಟ್ಟುವಷ್ಟರಲ್ಲಿ ಸಾಲೆಯ ಬಾಗಿಲು ಹಾಕಿತ್ತು. "ಭಾಳ ತಡಾ ಆತವಾ. ಒಳಗ ಬಿಡಾಕ ಬರೂದಿಲ್ಲ," ಎಂದರು ಬಾಗಿಲಲ್ಲಿದ್ದ ಮಾಸ್ತರರು. ಅಪ್ಪ ಕೈ ಮುಗಿದ, ಗಾಡಿ ತಡವಾಯಿತು ಅಂದ. ಯಾರು ತಡೆದರು ಎಂದು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಯಾರೂ ಕಾಕಾನಿಗೆ ಒಂದು ಮಾತು ಅನ್ನಲಿಲ್ಲ. ಅವನೇ ದೊಡ್ಡ ಉಪಕಾರ ಮಾಡುವವನ ಹಾಗೆ, "ಮನ್ಯಾಗ ಕುಂತ ಏನ್ ಮಾಡ್ತಾಳ? ಅಂಗಡಿಗೆ ಕಳಸು," ಅಂದ. ಅಪ್ಪ ಕಳಿಸಿದ. ನನ್ನ ಪರೀಕ್ಷೆಯನ್ನು ನುಂಗಿದ ಬೋರ್ಡಿನ ಬಾಜೂಕ್ಕೇ ನನ್ನ ಒಲೆ. ಅದು ಹಿಡಿದು ನಿಲ್ಲಿಸಿದ ಮಂದಿಗೆ ನಾನು ಬಜಿ ಕರಿಯಬೇಕು! ಹಲ್ಲು ಕಚ್ಚಿ ಕರಿದೆ. ನನ್ನ ಬಜಿಗೆ ಒಳ್ಳೆಯ ಹೆಸರು ಬಂತು. ಅದಕ್ಕೂ ಸಿಟ್ಟು ಬಂತು.

ಮರುವರ್ಷ ಒಂದು ಬೆಳಿಗ್ಗೆ ಗಾಡಿಯಿಂದ ಒಬ್ಬ ಹುಡುಗಿ ಇಳಿದು ಒಲೆಯ ಹತ್ತಿರ ಬಂದಳು. ಬೇರೆ ಊರಿನವಳು. ಬಜಿ ಕೇಳಲು ಬಂದಳೆಂದುಕೊಂಡೆ. ಕೈಯಲ್ಲಿ ದೌತಿ ಇತ್ತು.

"ಅಕ್ಕಾ, ಗಾಡಿ ಯಾವಾಗ ಬಿಡ್ತಾರ್ರಿ? ನಂದು ಮುಲ್ಕಿ ಐತ್ರಿ."

ನಾನು ಎದ್ದೆ. ಕೈಯೆಲ್ಲ ಕಡಲೆಹಿಟ್ಟು. ನೆಟ್ಟಗೆ ಬೋರ್ಡಿಗೆ ಹೋದೆ. ಡ್ರೈವರ್ ಸ್ಟ್ರೈಕರನ್ನು ಗೆರೆಯ ಮೇಲಿಟ್ಟು ಬೆರಳು ಮಡಚಿದ್ದ. ಅವನ ಬೆರಳಿನ ಮುಂದಿನಿಂದಲೇ ಅದನ್ನು ಎತ್ತಿಕೊಂಡೆ.

"ಏ, ಏನ್ ಮಾಡಾಕತ್ತಿ?" ಕಾಕಾ ಕೂಗಿದ.

ಕಡಾಯಿಯ ಕೆಳಗೆ, ಉರಿಯ ನಡುವೆ ಎಸೆದೆ. "ಆಟ ಮುಗೀತ್ರಿ. ಗಾಡಿ ಬಿಡ್ರಿ," ಎಂದು ಡ್ರೈವರನಿಗೆ ಹೇಳಿದೆ.

ಕಾಕಾ ಎಲ್ಲರೆದುರು ಕಪಾಳಕ್ಕೆ ಹೊಡೆದ. ಹೊಡೆದು, ಇಕ್ಕಳ ಹಿಡಿದು ಒಲೆ ಕೆದಕಲು ಕೂತ. ಆಡಲು ಏನೂ ಉಳಿಯದ ಡ್ರೈವರ್ ಗಾಡಿ ಹತ್ತಿ ಹಾರ್ನು ಹೊಡೆದ. ಮಂದಿ ಬಶಿಗಳನ್ನು ಅಲ್ಲೇ ಇಟ್ಟು ಓಡಿದರು.

ಆ ಹುಡುಗಿ ಪಾಸಾದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಸರೂ ಕೇಳಿರಲಿಲ್ಲ. ಕಿಟಕಿಯಲ್ಲಿ ದೌತಿ ಹಿಡಿದ ಕೈ ಕಂಡಿತು, ಅಷ್ಟೇ. ಕಡಾಯಿಯಲ್ಲಿ ಬಜಿ ಸುಟ್ಟು ಕಪ್ಪಾಗಿದ್ದವು. ತಿನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ.