ಅಂಗೈ ಇಲ್ಲದ ಮಷಿನ್ನಿನಲ್ಲಿ ಹೊಲಿದ ಕೌದಿ

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು ನಾನು. ನಾಲ್ಕು ಪದರ ದಪ್ಪ ಬಟ್ಟೆಯನ್ನೂ ಸೂಜಿ ಮುರಿಯದೆ ದಾಟಿಸುತ್ತೇನೆಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಅದನ್ನು ಇಳಿಸಿದ್ದು ಒಂದು ಕೌದಿ.

ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಅವ್ವ ಹಳೇ ಬಟ್ಟೆ ಪದರಿಟ್ಟು ಕೈಯಲ್ಲಿ ಹೊಲಿದ ಕೌದಿಯ ಮೇಲೇ ಮಲಗಿಸಿದ್ದೇವೆ. ಈ ಸಲ ಕುರುಗೋಡಿಗೆ ಕೊಟ್ಟ ನನ್ನ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅವ್ವನ ಕೈ ಈಗ ನಡುಗುತ್ತದೆ. ಸೂಜಿ ಹಿಡಿದರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿಕೊಳ್ಳುತ್ತಾಳೆ. ಹಾಗಾಗಿ ಹಚ್ಚೊಳ್ಳಿಯಿಂದ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬಳ್ಳಾರಿ ಬಸ್ಸು ಹತ್ತಿ, ನನ್ನ ಮನೆಗೇ ಒಂದು ಗಂಟು ತಂದಳು. ಗಂಟಿನಲ್ಲಿ ನಮ್ಮಜ್ಜಿಯ ಎರಡು ಸೀರೆ. ಸತ್ತುಹೋದ ಅಜ್ಜಿಯದು ಅಂತ ಉಳಿದದ್ದು ಅಷ್ಟೇ. ಜೊತೆಗೆ ಕರವಸ್ತ್ರದಲ್ಲಿ ಸುತ್ತಿದ ಒಣರೊಟ್ಟಿಯ ಒಂದು ಚೂರು. ಕೌದಿ ಮುಗಿಯುವಾಗ ಕೊನೆಯ ಮೂಲೆಯೊಳಗೆ ರೊಟ್ಟಿಚೂರು ಇಟ್ಟು ಬಾಯಿ ಹೊಲಿಯುವುದು ನಮ್ಮ ಮನೆಯ ಪದ್ಧತಿ. ಕೌದಿ ಹಸಿದಿರಬಾರದಂತೆ.

“ಮಷಿನ್ನಿನ್ಯಾಗ ಆಗತೈತೇನು?” ಎಂದಳು ಅವ್ವ.

“ಒಂದು ದಿನದ ಕೆಲಸ ಬೇ. ನೀ ಚಾ ಕುಡಿ,” ಎಂದೆ.

ಕೈಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಚಿಕ್ಕಂದಿನಿಂದ ನೋಡಿದ್ದು ಅದನ್ನೇ, ನಾನೂ ಹಾಗೇ ಮಾಡಿದೆ. ಕೆಳಗೊಂದು ಸೀರೆ, ಮೇಲೊಂದು ಸೀರೆ, ನಡುವೆ ಹಳೇ ಪಂಚೆಗಳು. ಐದು ಸುತ್ತು ಸಲೀಸಾಗಿ ಹೋಯಿತು. ಆರನೆಯದರಲ್ಲಿ ಮೇಲಿನ ಸೀರೆ ಅಲೆಯಲೆಯಾಗಿ ಎದ್ದಿತು. ಅರ್ಧ ದಾಟುವಷ್ಟರಲ್ಲಿ ನಡುಭಾಗ ಉಬ್ಬಿ ಕೂತಿತ್ತು. ಜೀನ್ಸ್ ಹೊಲಿದ ಕೈ ಸುಮ್ಮನಿರುತ್ತದೆಯೇ? ಎರಡೂ ಕಡೆ ಬಿಗಿಯಾಗಿ ಎಳೆದು ಹಿಡಿದು ಓಡಿಸಿದೆ. ಉಬ್ಬಿದ್ದೆಲ್ಲ ಸುಕ್ಕಾಗಿ ಹೊಲಿಗೆಯಡಿ ಸಿಕ್ಕಿಕೊಂಡಿತು, ಸೀರೆ ಪರ್ ಅಂತ ಬೆರಳುದ್ದ ಹರಿಯಿತು. ಮಷಿನ್ನಿಗೆ ಬೈದೆ, ಬ್ರೂಸ್‌ಪೇಟೆಯಿಂದ ತಂದ ದಾರಕ್ಕೆ ಬೈದೆ, ನನ್ನೊಬ್ಬಳನ್ನು ಬಿಟ್ಟು ಎಲ್ಲಕ್ಕೂ ಬೈದೆ.

ಅವ್ವ ರೊಟ್ಟಿಚೂರನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ನಾಲ್ಕು ಮಾತು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದೆ. ದಾರ ಕಿತ್ತಲ್ಲೆಲ್ಲ ಸಾಲಾಗಿ ಸೂಜಿಯ ತೂತು. ಇನ್ನೊಮ್ಮೆ ಬಿಚ್ಚಿದರೆ ಸೀರೆ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ನೀ ಯಾಕ ಅಂಚಿಂದ ಸುರು ಮಾಡಿದಿ?” ಅವ್ವ ಕೇಳಿದಳು.

“ನೀ ಹಂಗ ಮಾಡ್ತಿದ್ದಿ ಅಲಾ?”

“ನಾ ಹೊಲಿಯಾಗ ಎಡಗೈ ಅರಿವಿ ಮ್ಯಾಲಿರತೈತಿ. ಒಂದೊಂದು ಹೊಲಿಗಿಗೂ ಸವರಿ, ಹೆಚ್ಚಾಗಿದ್ದನ್ನ ಅಲ್ಲಲ್ಲೇ ಹಂಚತೀನಿ. ನಿನ್ನ ಮಷಿನ್ನಿಗೆ ಅಂಗೈ ಎಲ್ಲೈತಿ? ರೊಟ್ಟಿ ಎಲ್ಲಿಂದ ಬಡೀತಿ ನೀ?”

“ನಡುವಿಂದ.”

“ಮತ್ತ?”

ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲಿಂದ ಒತ್ತಿಹಿಡಿಯುವ ಫೂಟು ಮೇಲಿನ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ ಎಂದು ಶೆಡ್ಡಿಗೆ ಹೊಸದಾಗಿ ಬಂದವರಿಗೆ ಹೇಳಿಕೊಡುವವಳು ನಾನೇ. ಹಾಗೆ ತಳ್ಳಿದ್ದು ಹೊರಗೆ ಹೋಗಲು ಅಂಚು ತೆರೆದಿರಬೇಕೆಂಬುದು ಮಾತ್ರ ನನ್ನ ಮಂಡೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಹರಿದಲ್ಲಿ ತೇಪೆ ಹಾಕಿದೆ. ಪದರಗಳನ್ನು ನೆಲಕ್ಕೆ ಹಾಸಿ, ನಡುವಿನಿಂದ ಹೊರಗೆ ಸವರಿ, ಅವು ಜರುಗದಂತೆ ಕೈಯಲ್ಲಿ ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿದೆ. ಸಣ್ಣ ಸೂಜಿ ಹಾಕಿ, ಫೂಟಿನ ಒತ್ತಡ ಸಡಿಲಿಸಿ, ಹೊಲಿಗೆಯನ್ನು ಉದ್ದ ಮಾಡಿದೆ. ಕೌದಿಯ ಭಾರ ಜಗ್ಗದಿರಲೆಂದು ಮಂಚವನ್ನು ಮಷಿನ್ನಿನ ಪಕ್ಕಕ್ಕೆ ಎಳೆದುಕೊಂಡೆ. ನಡುವಿನಿಂದ ಅಂಚಿಗೆ ಒಂದು ಗೆರೆ, ಮತ್ತೆ ನಡುವಿನಿಂದ ಇನ್ನೊಂದು. ಎಳೆಯದೆ ಹೊಲಿಯುವುದು ನನಗೆ ಎಷ್ಟು ಕಷ್ಟವೆಂದು ಅಂದೇ ಗೊತ್ತಾಯಿತು. ನನ್ನ ಕೈ ಬಿಗಿಯಾದಾಗೆಲ್ಲ ಎದುರು ಕೂತ ಅವ್ವ “ಲೇ” ಅನ್ನುವಳು. ನಾನು ಸಡಿಲ ಬಿಡುವೆ.

ಮಧ್ಯಾಹ್ನದ ಊಟ ತಪ್ಪಿಸಿ ಮುಗಿಸಿದೆ. ಒಂದು ಮೂಲೆಯಷ್ಟೇ ಬಾಯಿಬಿಟ್ಟುಕೊಂಡಿತ್ತು. ಅವ್ವ ಕಣ್ಣು ಮುಚ್ಚಿಕೊಂಡು ಇಡೀ ಕೌದಿಯ ಮೇಲೆ ಅಂಗೈ ಆಡಿಸಿದಳು. ಅಂಗೈ ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಅವಳು ಚೀಲಕ್ಕೆ ಕೈಹಾಕಿ ಆ ಕರವಸ್ತ್ರವನ್ನು ಹೊರತೆಗೆದಾಗ ನನಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ಸ್ವಲ್ಪ ಅತ್ತೆ.

“ಅಳೋದು ಆಮ್ಯಾಲೆ. ದಾರ ಪೋಣಿಸಿ ಕೊಡು, ಬಾಯಿ ನಾ ಹೊಲೀತೀನಿ.”

ರೊಟ್ಟಿಚೂರು ಒಳಗಿಟ್ಟು ಒಂಬತ್ತು ಹೊಲಿಗೆ ಹಾಕಿದಳು. ಕೈ ನಡುಗಿ ದಾರ ಬಿಗಿದು, ಆ ಮೂಲೆ ಮುದುಡಿಕೊಂಡಿತು.

“ಮಷಿನ್ನಿಗೆ ಹೆಸರಿಡಬ್ಯಾಡ. ಇದು ನಂದು,” ಎಂದು ನಕ್ಕಳು. ಆ ಮೂಲೆ ಬಿಚ್ಚಲೆಂದು ಕೈಗೆತ್ತಿಕೊಂಡಿದ್ದ ಬ್ಲೇಡನ್ನು ನಾನು ಪಕ್ಕಕ್ಕಿಟ್ಟೆ.

ಮೊಮ್ಮಗಳಿಗೆ ಈಗ ಆರು ತಿಂಗಳು. ಕೌದಿಯ ಮೇಲೆ ಬೋರಲು ಬಿದ್ದು, ತೆವಳಿ ತೆವಳಿ ಕೊನೆಗೆ ಆ ಮೂಲೆಗೇ ಹೋಗುತ್ತಾಳೆ. ಅಲ್ಲಿಯ ಸುಕ್ಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಮಾಡುತ್ತಾಳೆ. ನಾನು ಹೊಲಿದ ಕಡೆ ಅವಳಿಗೆ ಹಿಡಿಯಲು ಏನೂ ಸಿಗುವುದಿಲ್ಲ.